ಹಲ್ಲಿಗೆ ತುಂಬಿಸಿದ್ದು ಎಷ್ಟು ಕಾಲ ಬಾಳೀತು?

(ಸಂಘದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣದ ಪೂರ್ಣಪಾಠ)



ರಾಜ್ಯೋತ್ಸವದ ವೇದಿಕೆಯ ಮೇಲೆ ನಿಂತು ಹಲ್ಲಿನ ವಿಚಾರ ಎತ್ತುವುದು ಉಚಿತವೇ ಎಂದು ತಮ್ಮಲ್ಲಿ ಕೆಲವರಿಗಾದರೂ ಅನ್ನಿಸಿರಬಹುದು. ನಾಡಿನ ಇತಿಹಾಸ, ನುಡಿಯ ಹಿರಿಮೆ ಇವುಗಳನ್ನು ಹೇಳಲು ನಮಗಿಂತ ಬಲ್ಲವರು ಈ ಸಭೆಯಲ್ಲೇ ಕುಳಿತಿದ್ದಾರೆ. ನಾವು ಹಲ್ಲಿನ ವೈದ್ಯರು. ನಮಗೆ ಗೊತ್ತಿರುವುದು ಬಾಯಿಯೊಳಗಿನ ಸಮಾಚಾರ. ಆದರೂ ಒಂದು ಸಮಾಧಾನವುಂಟು. ತ, ಥ, ದ, ಧ, ನ ಎಂಬ ಅಕ್ಷರಗಳಿಗೆ ನಮ್ಮ ವೈಯಾಕರಣರು ದಂತ್ಯಗಳೆಂದೇ ಹೆಸರಿಟ್ಟರು. ಮುಂದಿನ ಹಲ್ಲು ಹೋದವರ ಬಾಯಲ್ಲಿ ಕನ್ನಡ ಏನಾಗುತ್ತದೆಂಬುದನ್ನು ತಾವೆಲ್ಲ ಕೇಳಿಯೇ ಇದ್ದೀರಿ. ಹಾಗಾಗಿ ಹಲ್ಲಿನ ಮಾತೂ ನುಡಿಸೇವೆಯ ಹೊರಗಿನದಲ್ಲವೆಂದು ಹೇಳಿ ಕಾರ್ಯದರ್ಶಿಗಳು ನಮ್ಮನ್ನು ಒಪ್ಪಿಸಿದ್ದಾರೆ.

ಹುಳುಕು ಹಲ್ಲಿಗೆ ಬೆಳ್ಳಿಯನ್ನೋ ಸಿಮೆಂಟನ್ನೋ ತುಂಬಿಸಿಕೊಂಡವರು ಕುರ್ಚಿಯಿಂದೆದ್ದು ಬಾಯಿ ಮುಕ್ಕಳಿಸಿದ ಮೇಲೆ ಕೇಳುವ ಮೊದಲನೆಯ ಪ್ರಶ್ನೆ ಒಂದೇ: "ಡಾಕ್ಟ್ರೇ, ಇದು ಎಷ್ಟು ವರ್ಷ ಬರ್ತದೆ?" ಕೇಳುವುದರಲ್ಲಿ ತಪ್ಪೇನೂ ಇಲ್ಲ. ಮಿಕ್ಸರಿಗೆ ಗ್ಯಾರಂಟಿಯುಂಟು, ಕೈಗಡಿಯಾರಕ್ಕೆ ಗ್ಯಾರಂಟಿಯುಂಟು. ದುಡ್ಡು ಕೊಟ್ಟು ತುಂಬಿಸಿದ ಹಲ್ಲಿಗೆ ಏಕಿರಬಾರದು? ಆದರೆ ಉತ್ತರವನ್ನು ಒಂದೇ ಅಂಕಿಯಲ್ಲಿ ಹೇಳಲು ಬರುವುದಿಲ್ಲ. ತುಂಬಿದ ಪದಾರ್ಥಕ್ಕೂ ವಯಸ್ಸಾಗುತ್ತದೆ. ವಿಚಿತ್ರವೇನೆಂದರೆ ಕೆಲವು ಪದಾರ್ಥಗಳು ವಯಸ್ಸಾದಂತೆ ಮೊದಲು ಬಲಿಯುತ್ತವೆ. ಕೆಲವು ಬೇಗನೆ ಬಲಿತು ಮೆಲ್ಲಗೆ ಸೊರಗುತ್ತವೆ. ಇನ್ನು ಕೆಲವು ತಾವು ಗಟ್ಟಿಯಾಗಿಯೇ ಇದ್ದು ಹಲ್ಲಿನ ಕೈಯನ್ನು ಬಿಟ್ಟುಬಿಡುತ್ತವೆ.

ಇದನ್ನು ತಿಳಿಯದೆ ಹೋದರೆ ಆಗುವ ನಷ್ಟ ಸಣ್ಣದಲ್ಲ. ನಮ್ಮ ಬಳಿಗೆ ಬರುವ ಕನ್ನಡದವರಲ್ಲಿ ಮೂರು ಬಗೆಯವರನ್ನು ಕಂಡಿದ್ದೇವೆ. ಒಮ್ಮೆ ತುಂಬಿಸಿದರೆ ಜನ್ಮಕ್ಕಾಯಿತೆಂದು ತಿಳಿದು ಹತ್ತು ವರ್ಷ ಇತ್ತ ತಲೆಹಾಕದೆ, ಒಂದು ದಿನ ಕೆನ್ನೆ ಊದಿಸಿಕೊಂಡು ನಿದ್ದೆಗೆಟ್ಟು ಓಡಿಬರುವವರು ಒಂದು ಬಗೆ. ಎಲ್ಲೋ ಏನೋ ಕೇಳಿ, ಇಪ್ಪತ್ತು ವರ್ಷದಿಂದ ತಂಟೆಯಿಲ್ಲದೆ ಕುಳಿತ ಫಿಲ್ಲಿಂಗುಗಳನ್ನು ತೋರಿಸಿ, "ಹಳೆಯದಾಯಿತು, ಎಲ್ಲ ತೆಗೆದು ಬಿಳಿಯದು ಹಾಕಿ" ಎನ್ನುವವರು ಎರಡನೆಯ ಬಗೆ. ನಮಗೆ ಹೆಚ್ಚು ವ್ಯಸನ ತರುವವರು ಮೂರನೆಯವರು. ದಿನಗೂಲಿಯವರು, ಹೊಟೇಲಿನಲ್ಲಿ ರಜೆ ಸಿಗದ ಹುಡುಗರು, "ಎರಡು ಮೂರು ಸಲ ಬರಲು ಆಗುವುದಿಲ್ಲ ಸ್ವಾಮೀ, ತುಂಬಿಸಿದ್ದು ಹೇಗೂ ಒಂದು ದಿನ ಬೀಳುತ್ತದಂತೆ, ಕಿತ್ತೇಬಿಡಿ" ಎಂದು ಬೇಡುತ್ತಾರೆ. ಇಪ್ಪತ್ತೈದು ವರ್ಷದ ಹುಡುಗನ ದವಡೆ ಹಲ್ಲು ಒಂದು ದಿನದ ಸಂಬಳಕ್ಕಾಗಿ ಹೋಗುತ್ತದೆ. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂಬ ನಮ್ಮ ಗಾದೆಯನ್ನು ಊರು ಬಿಟ್ಟು ದುಡಿಯಲು ಬಂದವರಿಗಾಗಿಯೇ ಕಟ್ಟಿದರೋ ಏನೋ.

ಮೊದಲು, ತುಂಬಿಸಿದ ಪದಾರ್ಥ ಎಂಥ ಸ್ಥಳದಲ್ಲಿ ಬಾಳಬೇಕಾಗಿದೆ ಎಂಬುದನ್ನು ನೋಡೋಣ. ಬಾಯಿ ಸದಾ ಒದ್ದೆ. ಬೆಳಗ್ಗೆ ಬಿಸಿ ಕಾಫಿ, ಮಧ್ಯಾಹ್ನ ಫ್ರಿಜ್ಜಿನ ನೀರು, ಸಂಜೆ ಕಟಿಂಗ್ ಚಹಾ. ದವಡೆ ಹಲ್ಲುಗಳ ನಡುವೆ ಬಲವಾಗಿ ಕಚ್ಚಿದರೆ ೫೦ ಕಿಲೋ ಭಾರಕ್ಕೂ ಮೀರಿದ ಒತ್ತಡ ಬೀಳಬಹುದು. ಬಿಜಾಪುರ ಕಲಬುರ್ಗಿಯ ಕಡೆಯವರು ಕಟಕು ಜೋಳದ ರೊಟ್ಟಿ ಮುರಿಯುತ್ತಾರೆ, ಕರಾವಳಿಯವರು ಎಲೆಯಡಿಕೆ ಹಾಕುತ್ತಾರೆ, ಮಕ್ಕಳು ಚಕ್ಕುಲಿ ಕಡಿಯುತ್ತಾರೆ. ಅದರ ಮೇಲೆ ಹುಣಿಸೆ, ನಿಂಬೆ, ಪುನರ್ಪುಳಿಯ ಹುಳಿ. ಉಕ್ಕಿನ ಸೇತುವೆಗೂ ಇಷ್ಟು ಬಗೆಯ ಪರೀಕ್ಷೆ ದಿನಾ ಇರಲಾರದು.

ಬಿಸಿಗೆ ಪದಾರ್ಥಗಳು ಹಿಗ್ಗುತ್ತವೆ, ತಂಪಿಗೆ ಕುಗ್ಗುತ್ತವೆ. ಆದರೆ ಎಲ್ಲವೂ ಒಂದೇ ಪ್ರಮಾಣದಲ್ಲಲ್ಲ. ಒಂದು ಡಿಗ್ರಿ ಬಿಸಿಯೇರಿದರೆ ಹಲ್ಲು ೧೧ ಪಾಲು ಹಿಗ್ಗುತ್ತದೆ ಎಂದಿಟ್ಟುಕೊಂಡರೆ ಬೆಳ್ಳಿಯ ಫಿಲ್ಲಿಂಗು ಸುಮಾರು ೨೫ ಪಾಲು ಹಿಗ್ಗುತ್ತದೆ. ಬಿಳಿಯ ರಾಳದ್ದು ತಯಾರಿಕೆಗೆ ತಕ್ಕಂತೆ ಅಷ್ಟೇ ಅಥವಾ ಅದಕ್ಕಿಂತ ಹೆಚ್ಚು. ಹೀಗೆ ದಿನಕ್ಕೆ ಎಷ್ಟು ಸಲ ಚಹಾ ಕುಡಿದೆವೋ ಅಷ್ಟು ಸಲ ಹಲ್ಲಿಗೂ ಅದರೊಳಗಿನ ತುಂಬುಗೆಗೂ ನಡುವಿನ ಸಂದು ಕಣ್ಣಿಗೆ ಕಾಣದಷ್ಟು ಎಳೆದಾಡುತ್ತದೆ. ಪ್ರಯೋಗಶಾಲೆಯಲ್ಲಿ ಪದಾರ್ಥಗಳಿಗೆ ಬೇಗ ಮುಪ್ಪು ಬರಿಸಿ ನೋಡುವವರು ಇದನ್ನೇ ಅನುಕರಿಸುತ್ತಾರೆ. ದೇಹದ ಶಾಖವಾದ ೩೭ ಡಿಗ್ರಿಯ ನೀರಿನಲ್ಲಿ ತಿಂಗಳುಗಟ್ಟಲೆ ನೆನೆಹಾಕುತ್ತಾರೆ. ಇಲ್ಲವೇ ೫ ಡಿಗ್ರಿಯ ತಣ್ಣೀರು, ೫೫ ಡಿಗ್ರಿಯ ಬಿಸಿನೀರು ಇವೆರಡರಲ್ಲಿ ಒಂದಾದಮೇಲೊಂದರಂತೆ ಸಾವಿರಾರು ಸಲ ಅದ್ದುತ್ತಾರೆ. ಇಂಥ ಹತ್ತು ಸಾವಿರ ಅದ್ದುಗಳು ಬಾಯಿಯಲ್ಲಿನ ಸುಮಾರು ಒಂದು ವರ್ಷಕ್ಕೆ ಸಮವೆಂದು ಒಂದು ಅಂದಾಜು ಬಳಕೆಯಲ್ಲಿದೆ. ಅಂದಾಜು ಅಂದಾಜೇ, ಪ್ರಯೋಗಶಾಲೆಯ ಪಾತ್ರೆಗೆ ಎಲೆಯಡಿಕೆಯ ಚಟವಿರುವುದಿಲ್ಲ.

ಈಗ ಬೆಳ್ಳಿಯ ಮಾತು. ಬೆಳ್ಳಿಯೆಂದು ಕರೆದರೂ ಅದರ ತೂಕದಲ್ಲಿ ಸುಮಾರು ಅರ್ಧ ಪಾದರಸವೇ. ಬೆಳ್ಳಿ, ತವರ, ತಾಮ್ರ ಕೂಡಿದ ಪುಡಿಗೆ ಪಾದರಸ ಬೆರೆಸಿ ತಿಕ್ಕಿದರೆ ಮೆತ್ತನೆಯ ಮುದ್ದೆಯಾಗುತ್ತದೆ. ಹಲ್ಲಿನ ಗುಳಿಯಲ್ಲಿ ಅದುಮಿ ತುಂಬಿದರೆ ಅಲ್ಲೇ ಗಟ್ಟಿಯಾಗುತ್ತದೆ. ಇದಕ್ಕೆ ಅಮಾಲ್ಗಮ್ ಎಂದು ಹೆಸರು. ಚೀನಾ ದೇಶದ ಕ್ರಿ.ಶ. ೬೫೯ರ ವೈದ್ಯಗ್ರಂಥದಲ್ಲೇ ಇಂಥ ಬೆಳ್ಳಿಯ ಮುದ್ದೆಯ ಉಲ್ಲೇಖವುಂಟು. ಲೋಹಗಳ ಹದವಾದ ಪ್ರಮಾಣವನ್ನು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಗೊತ್ತುಮಾಡಿಕೊಟ್ಟವರು ಅಮೆರಿಕದ ಜಿ. ವಿ. ಬ್ಲ್ಯಾಕ್ ಎಂಬ ದಂತವೈದ್ಯರು.

ಈ ಬೆಳ್ಳಿ ಹುಟ್ಟಿದ ಕೂಡಲೇ ಬಲಶಾಲಿಯಲ್ಲ. ಹಳೆಯ ತರದ ಅಮಾಲ್ಗಮ್ ತುಂಬಿಸಿದ ಒಂದು ಗಂಟೆಯ ಮೇಲೆ ಚದರ ಸೆಂಟಿಮೀಟರಿಗೆ ಸುಮಾರು ೧,೫೦೦ ಕಿಲೋ ಒತ್ತಡವನ್ನು ತಡೆಯಬಲ್ಲದು. ಏಳು ದಿನಗಳಾದ ಮೇಲೆ ಅದೇ ತುಂಬುಗೆ ಸುಮಾರು ೩,೫೦೦ ಕಿಲೋ ತಡೆಯುತ್ತದೆ. ತಾಮ್ರ ಹೆಚ್ಚಿರುವ ಹೊಸ ತರದ್ದರಲ್ಲಿ ಒಂದು ಗಂಟೆಗೆ ೨,೬೦೦ ಇದ್ದದ್ದು ವಾರದೊಳಗೆ ೫,೦೦೦ ದಾಟುವುದುಂಟು. ನಮ್ಮ ಹಲ್ಲಿನ ಒಳಭಾಗವಾದ ಡೆಂಟಿನ್ನಿನ ಶಕ್ತಿ ೩,೦೦೦ದ ಆಸುಪಾಸು, ಹೊರಕವಚವಾದ ಎನಾಮೆಲ್ಲಿನದು ೪,೦೦೦ದ ಹತ್ತಿರ. ಬಲಿತ ಬೆಳ್ಳಿ ಹಲ್ಲಿಗೇನೂ ಕಡಿಮೆಯದಲ್ಲವೆಂದಾಯಿತು. ಆದರೆ ಬಲಿಯುವ ಮೊದಲೇ ಅದರ ಮೇಲೆ ಭಾರ ಹಾಕಿದರೆ? ಹೊಸ ಕಾಂಕ್ರೀಟಿನ ಮೇಲೆ ಅಂದೇ ಲಾರಿ ಓಡಿಸಿದಂತೆ. "ಇಪ್ಪತ್ತನಾಲ್ಕು ಗಂಟೆ ಆ ಬದಿಯಲ್ಲಿ ಅಗಿಯಬೇಡಿ" ಎಂದು ವೈದ್ಯರು ಹೇಳುವುದು ಇದಕ್ಕಾಗಿ. ಆಚೆ ಹೋಗಿ ನೆಲಗಡಲೆ ಜಗಿಯುತ್ತ ಲೋಕಲ್ ಗಾಡಿ ಹತ್ತುವವರನ್ನು ನಾವು ಕಿಟಕಿಯಿಂದಲೇ ನೋಡಿದ್ದೇವೆ.

ಬಲಿತ ಮೇಲೆ ಮುಪ್ಪು ಹೇಗೆ ಬರುತ್ತದೆ? ಒಂದು ಕಾಲಕ್ಕೆ ಕುರ್ಲಾದ ಕಮಾನಿ ಕಾರ್ಖಾನೆಗಳಲ್ಲಿ ತಾಮ್ರ ಹಿತ್ತಾಳೆಗಳ ನಡುವೆ ದುಡಿದ ಹಿರಿಯರು ಇಲ್ಲಿದ್ದರೆ ಅವರಿಗೆ ನಾವು ಹೇಳುವ ಅಗತ್ಯವಿಲ್ಲ. ಲೋಹಕ್ಕೆ ಎರಡು ರೋಗ: ಒಂದು ಕಿಲುಬು, ಇನ್ನೊಂದು ಸತತವಾದ ಭಾರಕ್ಕೆ ಮೆಲ್ಲಮೆಲ್ಲನೆ ಹರಿದು ಆಕಾರ ಬದಲಿಸುವುದು. ಹಳೆಯ ಅಮಾಲ್ಗಮ್ಮಿನಲ್ಲಿ ತವರವೂ ಪಾದರಸವೂ ಕೂಡಿದ ಒಂದು ಅಂಶವಿತ್ತು. ಅದು ಎಲ್ಲಕ್ಕಿಂತ ದುರ್ಬಲ, ಎಲ್ಲಕ್ಕಿಂತ ಬೇಗ ಕಿಲುಬು ಹಿಡಿಯುವಂಥದು. ವರ್ಷಗಳು ಕಳೆದಂತೆ ತುಂಬುಗೆಯ ಅಂಚು ಅಲ್ಲಲ್ಲಿ ಚೂರುಚೂರಾಗಿ ಮುರಿದು ಸುತ್ತಲೂ ಸಣ್ಣ ಕಾಲುವೆಯಂತೆ ಆಗುತ್ತಿತ್ತು. ೧೯೬೩ರಲ್ಲಿ ಕೆನಡಾದ ಇನ್ನೆಸ್ ಮತ್ತು ಯೂಡೆಲಿಸ್ ಎಂಬವರು ತಾಮ್ರದ ಅಂಶವನ್ನು ಏರಿಸಿದ ಹೊಸ ಮಿಶ್ರಲೋಹವನ್ನು ಪ್ರಕಟಿಸಿದರು. ತಾಮ್ರವು ತವರವನ್ನು ತನ್ನ ಕಡೆಗೆ ಸೆಳೆದುಕೊಂಡುಬಿಡುವುದರಿಂದ ಆ ದುರ್ಬಲ ಅಂಶ ಬಹುಮಟ್ಟಿಗೆ ಇಲ್ಲವಾಯಿತು; ಅಂಚು ಹೆಚ್ಚು ಕಾಲ ನಿಂತಿತು.

ಆದರೆ ಕಿಲುಬಿನಿಂದ ಒಂದು ಉಪಕಾರವೂ ಉಂಟು. ಬೆಳ್ಳಿ ಹಲ್ಲಿಗೆ ಅಂಟುವುದಿಲ್ಲ, ಗುಳಿಯಲ್ಲಿ ಸಿಕ್ಕಿಕೊಂಡು ಕೂತಿರುತ್ತದೆ, ಅಷ್ಟೆ. ನಡುವೆ ಸೂಕ್ಷ್ಮವಾದ ಸಂದಿ ಇದ್ದೇ ಇರುತ್ತದೆ. ಕಾಲ ಕಳೆದಂತೆ ಕಿಲುಬಿನ ಕಣಗಳೇ ಆ ಸಂದಿಯಲ್ಲಿ ತುಂಬಿಕೊಂಡು ಸೋರಿಕೆಯನ್ನು ಕಟ್ಟಿಹಾಕುತ್ತವೆ. ಮುಪ್ಪೇ ಮದ್ದಾಗುವ ಇಂಥ ಉದಾಹರಣೆ ಬೇರೆಡೆ ನಮಗೆ ಹೆಚ್ಚು ಸಿಕ್ಕಿಲ್ಲ. ಅಂಚು ಕಪ್ಪಾಗಿ ಕಂಡಿತೆಂದ ಮಾತ್ರಕ್ಕೆ ಬೆಳ್ಳಿಯನ್ನು ಕೀಳಿಸಬಾರದೆಂಬುದಕ್ಕೆ ಇದೂ ಒಂದು ಕಾರಣ.

ಮುಂಬಯಿಯ ಹವೆಗೆ ಸಂಬಂಧಿಸಿದ ಒಂದು ಮಾತನ್ನು ಇಲ್ಲೇ ಹೇಳಿಬಿಡುತ್ತೇವೆ. ಸತುವಿನ ಅಂಶವುಳ್ಳ ಅಮಾಲ್ಗಮ್ಮಿಗೆ ತುಂಬುವಾಗ ನೀರೋ ಜೊಲ್ಲೋ ಬೆವರೋ ತಗಲಿದರೆ ಒಳಗೆ ಜಲಜನಕದ ಅನಿಲ ಹುಟ್ಟಿ, ಮೂರು ನಾಲ್ಕು ದಿನಗಳ ಮೇಲೆ ತುಂಬುಗೆ ಉಬ್ಬತೊಡಗುತ್ತದೆ, ನೋವೂ ಬರಬಹುದು. ಸಿಮೆಂಟು ಕಲಸುವ ಗಾಜಿನ ಹಲಗೆಯನ್ನು ತಂಪು ಮಾಡಿದರೆ ಕಲಸಲು ಸಮಯ ಸಿಗುತ್ತದೆ ನಿಜ. ಆದರೆ ಜುಲೈ ತಿಂಗಳ ಕುರ್ಲಾದಲ್ಲಿ ಅತಿಯಾಗಿ ತಂಪಾದ ಹಲಗೆಯ ಮೇಲೆ ಇಬ್ಬನಿ ಕೂರುತ್ತದೆ, ಆ ನೀರು ಸಿಮೆಂಟಿಗೆ ಸೇರಿ ಅದರ ಶಕ್ತಿಯನ್ನು ಕುಂದಿಸುತ್ತದೆ. ಪುಡಿಯ ಡಬ್ಬಿಯ ಮುಚ್ಚಳ ತೆರೆದಿಟ್ಟರೂ ಇದೇ ಪಾಡು. ಬಾಯಿಗೆ ಬರುವ ಮೊದಲೇ ಮುಪ್ಪಾಗುವ ಪದಾರ್ಥಗಳೂ ಇವೆಯೆಂದು ಇದರಿಂದ ತಿಳಿಯಬಹುದು. ಹಲ್ಲಿನ ಸುತ್ತ ರಬ್ಬರಿನ ಹಾಳೆ ಕಟ್ಟಿಯೋ ಹತ್ತಿಯ ಸುರುಳಿ ಇಟ್ಟು ಮತ್ತೆ ಮತ್ತೆ ಬದಲಿಸಿಯೋ ಒಣಗಿಸುವ ವೈದ್ಯರ ಮೇಲೆ ತಾವು ಬೇಸರಪಡಬಾರದು. ಆ ಹತ್ತು ನಿಮಿಷದಲ್ಲಿ ಹತ್ತು ವರ್ಷದ ಆಯುಷ್ಯ ಅಡಗಿದೆ.

ಪಾದರಸದ ಭಯವನ್ನು ಮುಟ್ಟದೆ ಮುಂದೆ ಹೋದರೆ ಪ್ರಶ್ನೋತ್ತರದಲ್ಲಿ ಅದೇ ಮೊದಲು ಬರುವುದೆಂದು ಬಲ್ಲೆವು. ಪಾದರಸವು ಪರಿಸರಕ್ಕೆ ಕೆಟ್ಟದ್ದೆಂಬುದರಲ್ಲಿ ಎರಡು ಮಾತಿಲ್ಲ. ಜಪಾನಿನ ಮಿನಮಾಟಾ ಎಂಬ ಊರಿನಲ್ಲಿ ೧೯೫೬ರಲ್ಲಿ ಬೆಳಕಿಗೆ ಬಂದ ದುರಂತದ ಹೆಸರಿನಲ್ಲೇ ೨೦೧೩ರಲ್ಲಿ ಅಂತರರಾಷ್ಟ್ರೀಯ ಒಪ್ಪಂದವಾಯಿತು. ಅದು ೨೦೧೭ರಲ್ಲಿ ಜಾರಿಗೆ ಬಂತು, ೨೦೧೮ರಲ್ಲಿ ಭಾರತವೂ ಸೇರಿತು. ಅಮಾಲ್ಗಮ್ಮಿನ ಬಳಕೆಯನ್ನು ಹಂತಹಂತವಾಗಿ ತಗ್ಗಿಸಬೇಕೆಂದು ಅದರಲ್ಲಿದೆ. ಐರೋಪ್ಯ ಒಕ್ಕೂಟದಲ್ಲಿ ೨೦೨೫ರ ಜನವರಿಯಿಂದ, ಕೆಲವು ವಿಶೇಷ ಸಂದರ್ಭಗಳನ್ನು ಬಿಟ್ಟು, ಅದರ ಬಳಕೆ ನಿಂತಿದೆ. ಚಿಕ್ಕ ಮಕ್ಕಳಿಗೆ, ಬಸುರಿಯರಿಗೆ, ಹಾಲೂಡಿಸುವ ತಾಯಂದಿರಿಗೆ ಹೊಸದಾಗಿ ಅದನ್ನು ತುಂಬಬಾರದೆಂಬುದು ಈಗಿನ ಸಲಹೆ. ಆದರೆ ಈಗಾಗಲೇ ಬಾಯಲ್ಲಿದ್ದು ಗಟ್ಟಿಯಾಗಿ ಕುಳಿತ ಬೆಳ್ಳಿಯನ್ನು ಭಯದಿಂದ ಕೊರೆದು ತೆಗೆಸುವುದು ಬೇರೆ ವಿಚಾರ. ಕೊರೆಯುವಾಗಲೇ ಪಾದರಸದ ಆವಿ ಹೆಚ್ಚಾಗಿ ಏಳುತ್ತದೆ. ಜೊತೆಗೆ ಒಳ್ಳೆಯ ಹಲ್ಲೂ ಒಂದಿಷ್ಟು ಹೋಗುತ್ತದೆ. ಹೋದ ಹಲ್ಲು ಮತ್ತೆ ಬೆಳೆಯುವುದಿಲ್ಲ.

ಇನ್ನು ಬಿಳಿಯ ಫಿಲ್ಲಿಂಗು. ನೀಲಿ ದೀಪ ಹಿಡಿದು ಗಟ್ಟಿ ಮಾಡುವುದರಿಂದ ನಮ್ಮವರು ಲೈಟಿನ ಫಿಲ್ಲಿಂಗು ಎನ್ನುತ್ತಾರೆ. ಕಾಂಪೊಸಿಟ್ ಎಂದು ಅದರ ಹೆಸರು. ಗಾಜಿನ ಅತಿ ಸಣ್ಣ ಕಣಗಳನ್ನು ಒಂದು ಬಗೆಯ ರಾಳದಲ್ಲಿ ಕಲಸಿದ ಪದಾರ್ಥ ಇದು. ೧೯೫೫ರಲ್ಲಿ ಅಮೆರಿಕದ ಬ್ಯೂನೊಕೋರ್ ಎಂಬವರು ಎನಾಮೆಲ್ಲನ್ನು ಸ್ವಲ್ಪ ಆಮ್ಲದಿಂದ ಒರಟು ಮಾಡಿದರೆ ರಾಳ ಅದಕ್ಕೆ ಭದ್ರವಾಗಿ ಕಚ್ಚಿಕೊಳ್ಳುತ್ತದೆಂದು ತೋರಿಸಿದರು. ಅದೇ ದೇಶದ ಬೋವೆನ್ ಎಂಬವರ ರಾಳಕ್ಕೆ ೧೯೬೨ರಲ್ಲಿ ಪೇಟೆಂಟು ದೊರೆಯಿತು. ಇಂದು ನಾವು ತುಂಬುವ ಬಿಳಿಯದೆಲ್ಲ ಈ ಎರಡು ಕಾರ್ಯಗಳ ಸಂತಾನ.

ದೀಪ ಹಿಡಿದ ಕೂಡಲೇ ಇದು ಗಟ್ಟಿಯಾಗುತ್ತದೆ, ಮುಂದಿನ ಒಂದು ದಿನದಲ್ಲಿ ಇನ್ನಷ್ಟು ಬಲಿಯುತ್ತದೆ. ಆಮೇಲೆ ಆರಂಭವಾಗುವುದು ನೀರಿನ ಕೆಲಸ. ರಾಳ ನೀರನ್ನು ಮೆಲ್ಲಗೆ ಹೀರುತ್ತದೆ. ಹೀರಿದ ನೀರು ರಾಳವನ್ನು ಒಂದಿಷ್ಟು ಮೆದುವಾಗಿಸುತ್ತದೆ. ಗಾಜಿನ ಕಣಕ್ಕೂ ರಾಳಕ್ಕೂ ನಡುವಣ ಅಂಟನ್ನು ಸಡಿಲಿಸುತ್ತದೆ. ಹಪ್ಪಳ ಡಬ್ಬಿಯಿಂದ ಹೊರಗಿದ್ದು ಮಳೆಗಾಲದಲ್ಲಿ ಮೆತ್ತಗಾಗುವುದನ್ನು ನೆನೆಸಿಕೊಳ್ಳಿ; ಅಷ್ಟು ಬೇಗ ಅಲ್ಲ, ಅಷ್ಟು ಪೂರ್ತಿಯಾಗಿಯೂ ಅಲ್ಲ. ತಿಂಗಳುಗಟ್ಟಲೆ ನೀರಿನಲ್ಲಿಟ್ಟು ಬಾಗಿಸಿ ಮುರಿದು ನೋಡಿದ ಅನೇಕ ಪ್ರಯೋಗಗಳಲ್ಲಿ ಕಾಂಪೊಸಿಟ್ಟಿನ ಶಕ್ತಿ ಕುಗ್ಗಿದ್ದು ಕಂಡುಬಂದಿದೆ. ಗಮನಿಸಬೇಕಾದ್ದೆಂದರೆ, ಕುಗ್ಗಿದ ಮೇಲೂ ಒಳ್ಳೆಯ ಕಾಂಪೊಸಿಟ್ಟಿನಲ್ಲಿ ದಿನನಿತ್ಯದ ಅಗಿತಕ್ಕೆ ಸಾಕಾಗುವಷ್ಟು ಶಕ್ತಿ ಉಳಿದೇ ಇರುತ್ತದೆ.

ಅದರ ನಿಜವಾದ ಕಷ್ಟ ಅಂಟಿನಲ್ಲಿ. ಗಟ್ಟಿಯಾಗುವಾಗ ರಾಳ ನೂರಕ್ಕೆ ಎರಡು ಮೂರು ಪಾಲು ಕುಗ್ಗುತ್ತದೆ. ಕುಗ್ಗುವಾಗ ಅಂಚನ್ನು ಹಲ್ಲಿನಿಂದ ಎಳೆಯುತ್ತದೆ. ಒಂದೇ ಸಲ ಗುಳಿಯ ತುಂಬ ತುರುಕದೆ ತೆಳುವಾದ ಪದರಗಳಾಗಿ ಹಾಕಿ, ಒಂದೊಂದಕ್ಕೂ ದೀಪ ಹಿಡಿಯುವುದು ಇದಕ್ಕೇ. ಎನಾಮೆಲ್ಲಿನ ಮೇಲಿನ ಅಂಟು ಬಹುಕಾಲ ನಿಲ್ಲುತ್ತದೆ. ಒಳಗಿನ ಡೆಂಟಿನ್ನಿನ ಮೇಲಿನದು ಅಷ್ಟು ನಂಬಿಕೆಯದಲ್ಲ: ಡೆಂಟಿನ್ ಒದ್ದೆಯಾದ ಜೀವಂತ ಪದಾರ್ಥ, ಅದರೊಳಗೇ ಇರುವ ಕೆಲವು ಕಿಣ್ವಗಳು ಅಂಟು ಹಿಡಿದಿರುವ ನಾರುಗಳನ್ನು ವರ್ಷಗಳುದ್ದಕ್ಕೂ ಮೆಲ್ಲುತ್ತ ಹೋಗುತ್ತವೆ. ಅಂಟಿಸುವಾಗ ಜೊಲ್ಲು ತಗಲಿದ್ದರಂತೂ ಮುಗಿಯಿತು. ಬಿಳಿಯ ತುಂಬುಗೆಯ ಅಂದವನ್ನು ನಾವು ಮೆಚ್ಚುತ್ತೇವೆ. ಆದರೆ ಅದು ಬೆಳ್ಳಿಗಿಂತ ಹೆಚ್ಚು ಶ್ರದ್ಧೆಯನ್ನು ಬೇಡುವ ಪದಾರ್ಥ. ಹತ್ತೇ ನಿಮಿಷದಲ್ಲಿ ದೊಡ್ಡ ದವಡೆ ಹಲ್ಲಿಗೆ ಬಿಳಿಯದು ತುಂಬಿ ಕಳಿಸುತ್ತೇವೆ ಎನ್ನುವ ಕಡೆಗೆ ಹೋಗುವ ಮೊದಲು ಯೋಚಿಸಿರಿ.

ಮೂರನೆಯದು ಗಾಜಿನ ಸಿಮೆಂಟು, ಗ್ಲಾಸ್ ಅಯೊನೊಮರ್. ಲಂಡನ್ನಿನ ಸರಕಾರಿ ರಸಾಯನ ಪ್ರಯೋಗಶಾಲೆಯಲ್ಲಿ ವಿಲ್ಸನ್ ಮತ್ತು ಕೆಂಟ್ ಎಂಬವರು ೧೯೬೯ರ ಹೊತ್ತಿಗೆ ಇದನ್ನು ಕಂಡುಹಿಡಿದರು. ಅಂಟುದ್ರವವಿಲ್ಲದೆ ತಾನೇ ಹಲ್ಲಿಗೆ ಕಚ್ಚಿಕೊಳ್ಳುತ್ತದೆ. ಬಿಸಿಗೆ ಹಲ್ಲಿನಷ್ಟೇ ಹಿಗ್ಗುತ್ತದೆ. ಫ್ಲೋರೈಡನ್ನು ಮೆಲ್ಲಗೆ ಬಿಡುತ್ತಿರುತ್ತದೆ. ಇದು ಮೊದಲ ದಿನ ಎಳೆಗೂಸು. ಆಗ ನೀರು ತಗಲಿದರೆ ಮೇಲ್ಮೈ ಕರಗುತ್ತದೆ, ಪೂರ್ತಿ ಒಣಗಿದರೆ ಬಿರುಕು ಬಿಡುತ್ತದೆ. ವೈದ್ಯರು ಮೇಲೆ ವಾರ್ನಿಷ್ ಬಳಿದು ಕಳಿಸುವುದು ಅದಕ್ಕೆ. ಆ ಬಳಿಕ ತಿಂಗಳುಗಳ ಕಾಲ ಒಳಗೊಳಗೇ ಬಲಿಯುತ್ತ ಹೋಗುತ್ತದೆ. ಆದರೂ ಬಾಗುವ ಒತ್ತಡಕ್ಕೆ ಇದು ಸುಲಭವಾಗಿ ಮುರಿಯುತ್ತದೆ, ಹುಳಿಗೆ ಸವೆಯುತ್ತದೆ. ದೊಡ್ಡ ದವಡೆ ಹಲ್ಲಿನ ಎರಡು ಮೂರು ಮಗ್ಗುಲುಗಳನ್ನು ಇದರಿಂದ ಕಟ್ಟುವುದು ಜಾಣತನವಲ್ಲ. ಮಕ್ಕಳ ಹಾಲುಹಲ್ಲು, ಮುದುಕರ ಬೇರಿನ ಹುಳುಕು, ಸಣ್ಣ ಗುಳಿಗಳು ಇವುಗಳಿಗೆ ಉತ್ತಮ. ೧೯೮೦ರ ದಶಕದಲ್ಲಿ ಟಾಂಜಾನಿಯಾದಲ್ಲಿ, ಕೊರೆಯುವ ಯಂತ್ರವಿಲ್ಲದ ಹಳ್ಳಿಗಳಲ್ಲಿ, ಕೈಯ ಉಪಕರಣದಿಂದಲೇ ಹುಳುಕನ್ನು ಕೆರೆದು ಇಂಥ ಅಂಟುವ ಸಿಮೆಂಟು ತುಂಬುವ ಪದ್ಧತಿ ಬೆಳೆಯಿತು. ಗಾಜಿನ ಸಿಮೆಂಟು ಅದಕ್ಕೆ ಹೇಳಿಮಾಡಿಸಿದ್ದಾಯಿತು. ೨೦೨೧ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಗಾಜಿನ ಸಿಮೆಂಟನ್ನು ತನ್ನ ಅತ್ಯಗತ್ಯ ಔಷಧಗಳ ಪಟ್ಟಿಗೇ ಸೇರಿಸಿತು. ಯಂತ್ರದ ಸದ್ದಿಗೆ ಹೆದರಿ ಅಳುವ ಮಗುವಿನ ತಾಯಿಯರು ಈ ಪದ್ಧತಿಯನ್ನು ವೈದ್ಯರಲ್ಲಿ ಕೇಳಿ ನೋಡಬಹುದು.

ಇಷ್ಟು ಹೇಳಿದ ಮೇಲೆ ಮುಖ್ಯ ವಿಷಯಕ್ಕೆ ಬರುತ್ತೇವೆ. ತುಂಬಿಸಿದ್ದು ಕೆಟ್ಟಿತೆಂದು ನಮ್ಮಲ್ಲಿಗೆ ಬರುವವರಲ್ಲಿ ಪದಾರ್ಥವೇ ಪುಡಿಯಾಗಿ ಹೋದವರಿಗಿಂತ ಅದರ ಅಂಚಿನ ಹಲ್ಲು ಹುಳಿತವರು ಹೆಚ್ಚು. ಕುರ್ಲಾದ ಹಳೆಯ ಚಾಳುಗಳಲ್ಲಿ ವಾಸಮಾಡಿದವರಿಗೆ ಇದನ್ನು ವಿವರಿಸುವುದು ಸುಲಭ. ಮಳೆಗಾಲದಲ್ಲಿ ಸೋರುವುದು ಎಲ್ಲಿ? ಗೋಡೆಯ ನಡುವಿನಲ್ಲಿ ಅಪರೂಪ. ಕಿಟಕಿಯ ಚೌಕಟ್ಟು ಗೋಡೆಗೆ ಸೇರುವ ಕಡೆ, ಹೊಸ ಗಿಲಾವು ಹಳೆಯದಕ್ಕೆ ಸೇರುವ ಕಡೆ. ಗೋಡೆಯೂ ಗಟ್ಟಿ, ಚೌಕಟ್ಟೂ ಗಟ್ಟಿ, ಸೋರುವುದು ಸಂದು. ಹಲ್ಲಿನಲ್ಲಿಯೂ ಹಾಗೆಯೇ. ಸಂದಿನಲ್ಲಿ ಕೂತ ಅನ್ನದ ಅಗುಳು, ಸಕ್ಕರೆಯ ಅಂಟು, ಅದನ್ನು ತಿಂದು ಹುಳಿ ಕಾರುವ ಕ್ರಿಮಿಗಳು: ಇವು ತುಂಬುಗೆಯ ಪಕ್ಕದಲ್ಲಿ ಹೊಸ ಹುಳುಕನ್ನು ಹುಟ್ಟಿಸುತ್ತವೆ. ನೋವು ಬರುವ ಹೊತ್ತಿಗೆ ಅದು ನರದ ಹತ್ತಿರ ಹೋಗಿರುತ್ತದೆ.

ಪೋರ್ತುಗಲ್ಲಿನ ಲಿಸ್ಬನ್ ನಗರದಲ್ಲಿ ಎಂಟರಿಂದ ಹನ್ನೆರಡು ವರ್ಷದ ನೂರಾರು ಮಕ್ಕಳ ಹಲ್ಲಿಗೆ ಕೆಲವರಿಗೆ ಬೆಳ್ಳಿ, ಕೆಲವರಿಗೆ ಬಿಳಿಯದು ತುಂಬಿಸಿ ಏಳು ವರ್ಷ ನೋಡಿದರು. ಫಲಿತಾಂಶ ೨೦೦೭ರಲ್ಲಿ ಪ್ರಕಟವಾಯಿತು. ಬೆಳ್ಳಿಯವು ನೂರಕ್ಕೆ ೯೪ ಉಳಿದಿದ್ದವು, ಬಿಳಿಯವು ನೂರಕ್ಕೆ ೮೫. ಸೋತವುಗಳಲ್ಲಿ ಎರಡು ಕಡೆಗೂ ಮುಖ್ಯ ಕಾರಣ ಅಂಚಿನ ಹುಳುಕೇ. ಬಿಳಿಯದರಲ್ಲಿ ಅದು ಹೆಚ್ಚು. ಅಂಕಿಯನ್ನು ಕೇಳಿ ಬಿಳಿಯದು ಕೆಟ್ಟದ್ದೆಂದು ತೀರ್ಮಾನಿಸಬೇಡಿ. ಬೇರೆ ದೇಶಗಳ ಪ್ರೌಢರಲ್ಲಿ ಬಿಳಿಯದು ಹತ್ತು ಹದಿನೈದು ವರ್ಷ ಚೆನ್ನಾಗಿ ಬಾಳಿದ ವರದಿಗಳೂ ಇವೆ. ಅವುಗಳಲ್ಲಿ ಮತ್ತೆ ಮತ್ತೆ ಕಾಣುವ ಮಾತೊಂದೇ: ಹೊಸ ಹುಳುಕು ಹೆಚ್ಚಾಗಿ ಬರುವ ಬಾಯಲ್ಲಿ ಯಾವ ತುಂಬುಗೆಯೂ ಹೆಚ್ಚು ಕಾಲ ಬಾಳದು. ತುಂಬಿಸಿದ್ದಕ್ಕೆ ಎಷ್ಟು ವರ್ಷ ಆಯುಷ್ಯ ಎಂದು ನಮ್ಮನ್ನು ಕೇಳುವವರಿಗೆ, ರಾತ್ರಿ ಮಲಗುವ ಮೊದಲು ಹಲ್ಲುಜ್ಜುತ್ತೀರಾ ಎಂದು ನಾವು ತಿರುಗಿ ಕೇಳುವುದು ಉಡಾಫೆಯಿಂದಲ್ಲ.

ಹಾಗಾದರೆ ಹಳೆಯದನ್ನು ಯಾವಾಗ ಬದಲಿಸಬೇಕು? ಒಂದು ತುಂಬುಗೆಯನ್ನು ತೆಗೆದು ಹೊಸದು ಹಾಕುವಾಗಲೆಲ್ಲ ಗುಳಿ ಒಂದಿಷ್ಟು ದ��ಡ್ಡದಾಗುತ್ತದೆ. ಚಿಕ್ಕದಿದ್ದದ್ದು ನಡುತರವಾಗುತ್ತದೆ, ನಡುತರದ್ದು ದೊಡ್ಡದಾಗುತ್ತದೆ, ಆಮೇಲೆ ನರ ತೆಗೆಯುವ ರೂಟ್ ಕೆನಾಲ್, ಅದರ ಮೇಲೆ ಟೋಪಿ, ಕೊನೆಗೆ ಇಕ್ಕಳ. ಬೇಡದಿದ್ದಾಗ ಈ ಮೆಟ್ಟಿಲಿಳಿಯಬಾರದು. ಅರಿಶಿನ, ಚಹಾ, ಎಲೆಯಡಿಕೆಗಳಿಂದ ಬಿಳಿಯ ತುಂಬುಗೆಯ ಅಂಚು ಬಣ್ಣಗೆಟ್ಟರೆ ಅದನ್ನು ಉಜ್ಜಿ ನಯಮಾಡಿದರೆ ಸಾಕಾಗಬಹುದು. ಒಂದು ಮೂಲೆ ಮುರಿದಿದ್ದರೆ ಆ ಮೂಲೆಯನ್ನಷ್ಟೇ ತೇಪೆ ಹಾಕಬಹುದು. ಹರಿದ ಅಂಗಿಗೆ ನಮ್ಮ ತಾಯಂದಿರು ಮಾಡುತ್ತಿದ್ದುದೇ ಇದು. ಅಂಚಿನಲ್ಲಿ ನಿಜವಾದ ಹುಳುಕು ಇಳಿದಿದ್ದರೆ, ತುಂಬುಗೆ ಅಲುಗಾಡಿದರೆ, ಹಲ್ಲೇ ಸೀಳಿದ್ದರೆ ತಡಮಾಡಬಾರದು. ಕಚ್ಚುವಾಗ ಚುಳಕ್ಕೆಂದರೆ, ತಣ್ಣೀರಿಗೆ ಜುಮ್ಮೆಂದದ್ದು ಬಹಳ ಹೊತ್ತು ಬಿಡದಿದ್ದರೆ, ನಾಲಗೆಗೆ ಹೊಸದಾಗಿ ಮೊನೆ ತಾಗಿದರೆ, ಒಂದೇ ಕಡೆ ಆಹಾರ ಸಿಕ್ಕಿಕೊಳ್ಳತೊಡಗಿದರೆ ವೈದ್ಯರಿಗೆ ತೋರಿಸಿರಿ. ಏನೂ ಇಲ್ಲದಿದ್ದರೂ ವರ್ಷಕ್ಕೊಮ್ಮೆ ತೋರಿಸುವುದು ಲೇಸು.

ಊರಿಗೆ ಹೋಗುವ ನಮ್ಮವರ ಒಂದು ಅಭ್ಯಾಸದ ಬಗ್ಗೆ ವಿಶೇಷವಾಗಿ ಹೇಳಬೇಕಾಗಿದೆ. ಮುಂಬಯಿಯಲ್ಲಿ ಸಮಯವಿಲ್ಲ, ಖರ್ಚು ಹೆಚ್ಚು ಎಂದು ಹಲ್ಲಿನ ಕೆಲಸವನ್ನು ಮೇ ತಿಂಗಳ ರಜೆಗೆ ಎತ್ತಿಡುತ್ತಾರೆ. ಊರಿನಲ್ಲಿ ಮದುವೆ, ಮುಂಜಿ, ಕೋಲ, ಜಾತ್ರೆ ಎಲ್ಲ ಮುಗಿದು ಹೊರಡುವ ಹಿಂದಿನ ದಿನ ದಂತವೈದ್ಯರ ಬಳಿಗೆ ಹೋಗಿ, ಮೂರು ಸಲದ ಕೆಲಸವನ್ನು ಒಂದೇ ಸಲಕ್ಕೆ ಮಾಡಿಕೊಡಿ ಎನ್ನುತ್ತಾರೆ. ಮರುದಿನ ಮತ್ಸ್ಯಗಂಧ ಗಾಡಿಯಲ್ಲಿ ಅದೇ ಹಲ್ಲಿನಿಂದ ಹಲಸಿನ ಹಪ್ಪಳ ಕಡಿಯುತ್ತ ಲೋಕಮಾನ್ಯ ತಿಲಕ್ ಟರ್ಮಿನಸ್ಸಿನಲ್ಲಿ ಇಳಿಯುತ್ತಾರೆ. ಊರಿನ ವೈದ್ಯರು ಕಡಿಮೆಯವರೆಂದು ನಾವು ಹೇಳುತ್ತಿಲ್ಲ. ೧೯೫೮ರಲ್ಲಿ ಬೆಂಗಳೂರಿನ ಸರಕಾರಿ ದಂತ ಕಾಲೇಜು, ೧೯೬೫ರಲ್ಲಿ ಮಣಿಪಾಲದ ಕಾಲೇಜು ಆರಂಭವಾದಂದಿನಿಂದ ಕನ್ನಡ ನಾಡು ಒಳ್ಳೊಳ್ಳೆಯ ದಂತವೈದ್ಯರನ್ನು ಕೊಟ್ಟಿದೆ. ಹೋದ ಮೊದಲ ವಾರದಲ್ಲೇ ಅವರನ್ನು ಕಂಡರೆ, ಹೆಚ್ಚುಕಡಿಮೆಯಾದರೆ ಅವರೇ ಸರಿಪಡಿಸಿಕೊಡುತ್ತಾರೆ. ಕೆಲವರು ತಾತ್ಕಾಲಿಕ ಔಷಧದ ಸಿಮೆಂಟು ಹಾಕಿಸಿಕೊಂಡು ಬಂದು ಅದನ್ನೇ ಕಾಯಂ ಎಂದು ತಿಳಿದು ವರ್ಷ ಕಳೆಯುತ್ತಾರೆ. ಕೆಲವು ವಾರಗಳಿಗೆಂದು ಹಾಕಿದ್ದು ವರ್ಷ ಹೇಗೆ ನಿಂತೀತು?

ಆದ್ದರಿಂದ ಒಂದು ಸಣ್ಣ ನೋಟುಪುಸ್ತಕ ಇಟ್ಟುಕೊಳ್ಳಿರಿ. ಯಾವ ಹಲ್ಲು, ಯಾವ ಪದಾರ್ಥ, ತಾತ್ಕಾಲಿಕವೋ ಕಾಯಮ್ಮೋ, ಯಾವ ತಾರೀಕು ಎಂದು ವೈದ್ಯರ ಕೈಯಲ್ಲೇ ಎರಡು ಸಾಲು ಬರೆಸಿಕೊಳ್ಳಿರಿ. ಎಕ್ಸ್‌ರೇ ತೆಗೆಸಿದ್ದರೆ ಅದನ್ನೂ ಜೋಪಾನವಾಗಿಡಿ. ಇವತ್ತು ಕುರ್ಲಾ, ನಾಳೆ ಡೊಂಬಿವಲಿ, ಆಮೇಲೆ ಮಗನ ಜೊತೆ ಪುಣೆ, ಕೊನೆಗೆ ಊರು ಎಂದು ಮನೆ ಬದಲಿಸುವ ನಮ್ಮಂಥವರಿಗೆ ಒಬ್ಬರೇ ದಂತವೈದ್ಯರು ಜೀವಮಾನವಿಡೀ ಸಿಗುವುದು ದುರ್ಲಭ. ಹೊಸ ವೈದ್ಯರಿಗೆ ಹಳೆಯ ತುಂಬುಗೆಯ ವಯಸ್ಸು ತಿಳಿದರೆ, ಕಳೆದ ಸಲದ ಚಿತ್ರ ಸಿಕ್ಕಿದರೆ, ಅಂಚು ನಿಂತಲ್ಲೇ ಇದೆಯೋ ಕೆಡುತ್ತ ಬಂದಿದೆಯೋ ಎಂದು ಹೇಳಬಲ್ಲರು. ಇಲ್ಲದಿದ್ದರೆ ಊಹೆಯೇ ಗತಿ. ಊಹೆ ಅನೇಕ ವೇಳೆ ಕೊರೆಯುವ ಯಂತ್ರದ ಕಡೆಗೇ ವಾಲುತ್ತದೆ.

ದುಡ್ಡಿನ ತೊಂದರೆಯಿರುವವರು ಕೀಳಿಸುವ ಮೊದಲು ಮುಂಬಯಿ ಸೆಂಟ್ರಲ್ಲಿನ ನಾಯರ್ ದಂತ ಕಾಲೇಜಿಗೋ, ಸಿ.ಎಸ್.ಎಂ.ಟಿ. ಸ್ಟೇಷನ್ನಿನ ಹತ್ತಿರದ ಸರಕಾರಿ ದಂತ ಕಾಲೇಜಿಗೋ ಒಮ್ಮೆ ಹೋಗಿ ನೋಡಬೇಕೆಂದು ಪ್ರಾರ್ಥನೆ. ಎರಡನೆಯದಕ್ಕೆ ಕುರ್ಲಾದಿಂದ ಒಂದೇ ಗಾಡಿ. ಸಾಲು ಉದ್ದವಿರುತ್ತದೆ, ವಿದ್ಯಾರ್ಥಿಗಳು ಕೆಲಸ ಮಾಡುತ್ತಾರೆ, ನಿಜ. ಆದರೆ ಅಧ್ಯಾಪಕರು ಹಿಂದೆ ನಿಂತು ನೋಡುತ್ತಿರುತ್ತಾರೆ, ಆತುರಪಡುವ ಪ್ರಶ್ನೆಯೇ ಇಲ್ಲ. ನಿಧಾನವಾಗಿ ತುಂಬಿಸಿದ ತುಂಬುಗೆಗೆ ಆಯುಷ್ಯ ಹೆಚ್ಚೆಂದು ಇಷ್ಟು ಹೊತ್ತು ಹೇಳಿದ್ದೇವಲ್ಲ.

ಊರಿನಿಂದ ಕರೆತಂದ ಅಜ್ಜ ಅಜ್ಜಿಯರನ್ನು ಮರೆಯಬೇಡಿರಿ. ವಯಸ್ಸಾದಂತೆ ಒಸಡು ಇಳಿದು ಬೇರು ಹೊರಬೀಳುತ್ತದೆ. ಬೇರಿಗೆ ಎನಾಮೆಲ್ಲಿನ ಕವಚವಿಲ್ಲ. ಮಧುಮೇಹದಿಂದಲೂ ರಕ್ತದೊತ್ತಡದ ಕೆಲವು ಮಾತ್ರೆಗಳಿಂದಲೂ ಬಾಯಿ ಒಣಗುತ್ತದೆ. ಜೊಲ್ಲು ತುಂಬುಗೆಯನ್ನು ನೆನೆಸುತ್ತದೆಂದು ದೂರಿದೆವು; ಆದರೆ ಹುಳಿಯನ್ನು ತೊಳೆದು ಹಲ್ಲನ್ನು ಕಾಯುವುದೂ ಅದೇ ಜೊಲ್ಲು. ಅದು ಬತ್ತಿದ ಬಾಯಲ್ಲಿ ಮೂವತ್ತು ವರ್ಷ ನಿಂತ ತುಂಬುಗೆಯ ಅಂಚೂ ಒಂದೆರಡು ವರ್ಷದಲ್ಲಿ ಹುಳಿಯಬಹುದು. ಬಾಯಿ ಒಣಗುತ್ತದೆಂದು ದಿನವಿಡೀ ಬೆಲ್ಲದ ಚೂರನ್ನೋ ಪೆಪ್ಪರಮಿಂಟನ್ನೋ ಚೀಪುವ ಅಭ್ಯಾಸವನ್ನು ಮೆಲ್ಲಗೆ ಬಿಡಿಸಿ ನೀರು ಗುಟುಕರಿಸಲು ಹೇಳಿರಿ. ಎಲೆಯಡಿಕೆಯ ಮಾತನ್ನು ಹಿರಿಯರ ಮುಂದೆ ಎತ್ತಲು ಸಂಕೋಚವಾಗುತ್ತದೆ. ಅದು ತುಂಬುಗೆಯನ್ನೂ ಹಲ್ಲನ್ನೂ ಸವೆಯಿಸುವುದು ಹಾಗಿರಲಿ, ಅಡಿಕೆ ತಾನೇ ಬಾಯಿಯ ಕ್ಯಾನ್ಸರಿಗೆ ಕಾರಣವಾಗುತ್ತದೆಂದು ೨೦೦೪ರಲ್ಲೇ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ತೀರ್ಮಾನಿಸಿದೆ.

ಫ್ಲೋರೈಡ್ ಇರುವ ಪೇಸ್ಟಿನಿಂದ ಎರಡು ಹೊತ್ತು ಉಜ್ಜುವುದು, ಉಜ್ಜಿದ ಮೇಲೆ ನೊರೆಯನ್ನು ಉಗಿದು ನೀರಿನಿಂದ ಹೆಚ್ಚು ಮುಕ್ಕಳಿಸದಿರುವುದು, ಎರಡು ಹಲ್ಲುಗಳ ನಡುವೆ ತುಂಬಿಸಿದ್ದರೆ ಅಲ್ಲಿ ದಾರ ಹಾಯಿಸುವುದು, ಊಟ ಊಟಗಳ ನಡುವೆ ಸಿಹಿಯನ್ನು ಮತ್ತೆ ಮತ್ತೆ ಬಾಯಿಗೆ ಹಾಕದಿರುವುದು: ಇವಿಷ್ಟು ಮನೆಯಲ್ಲಿ ಆಗುವ ಕೆಲಸ. ಇದ್ದಲಿನ ಪುಡಿ, ಉಪ್ಪು, ಇಟ್ಟಿಗೆಯ ಪುಡಿಗಳಿಂದ ತಿಕ್ಕುವವರು ಇನ್ನೂ ಇದ್ದಾರೆ. ಅವು ತುಂಬುಗೆಯ ಮೇಲ್ಮೈಯನ್ನು ಗೀರಿ ಒರಟು ಮಾಡುತ್ತವೆ, ಒರಟಾದಲ್ಲಿ ಕೊಳೆ ಹೆಚ್ಚು ಕೂರುತ್ತದೆ.

ಯಕ್ಷಗಾನದವರು ಬಣ್ಣ ಹಚ್ಚಿಕೊಂಡು ಪರದೆಯ ಹಿಂದೆ ಕಾಯುತ್ತಿದ್ದಾರೆ, ಚಂಡೆಯ ಸದ್ದೂ ಕೇಳಿಸುತ್ತಿದೆ. ನೋಟುಪುಸ್ತಕದಲ್ಲಿ ಏನೇನು ಬರೆಸಬೇಕೆಂಬ ಒಂದು ಮಾದರಿ ಹಾಳೆಯನ್ನು ಕನ್ನಡದಲ್ಲಿ ಸಿದ್ಧಪಡಿಸಿ ಬಾಗಿಲ ಬಳಿಯ ಮೇಜಿನ ಮೇಲೆ ಇಟ್ಟಿದ್ದೇವೆ. ಹೋಗುವಾಗ ಮನೆಗೊಂದರಂತೆ ತೆಗೆದುಕೊಳ್ಳಬಹುದು. ಪ್ರಶ್ನೆ ಕೇಳುವವರು ಊಟದ ಹೊತ್ತಿಗೆ ನಮ್ಮ ಪಂಕ್ತಿಗೇ ಬಂದು ಕುಳಿತರೆ ಸಂತೋಷ.